ಎರಡು ಹಳೆಯ ದೋಣಿ, ಒಂದು ಅಳಿವೆ

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಮಂಗಳೂರಿನ ಹಳೆ ಬಂದರಿನ ಎದುರು ದಡವಾದ ತೋಟ ಬೆಂಗ್ರೆಯಲ್ಲಿ, ಅರವತ್ತು ದಾಟಿದ ನಾವು ಮೂವರು ಗೆಳೆಯರು ಮಾರಾಟಕ್ಕಿದ್ದ ಎರಡು ಹಳೆಯ ಮೋಟಾರು ದೋಣಿಗಳನ್ನು ನೋಡುತ್ತ ನಿಂತಿದ್ದೆವು. ಒಬ್ಬರು ವೈದ್ಯರು, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಮೂರನೆಯವನಾದ ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಹುಟ್ಟಿ ಬೆಳೆದದ್ದು ಕಡಲಿನಿಂದ ಮೂರು ಕಿಲೋಮೀಟರಿನೊಳಗೆ. ಆದರೆ ಕಡಲಿನ ಮೇಲೆ ನಾವು ಕಳೆದ ಗಂಟೆಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಈ ಕೊರತೆಯನ್ನು ನಿವೃತ್ತಿಯ ನಂತರವಾದರೂ ತುಂಬಿಕೊಳ್ಳೋಣವೆಂದು, ಮೂವರೂ ಸೇರಿ ಪಾಲಿನಲ್ಲಿ ಒಂದು ದೋಣಿ ಕೊಳ್ಳಲು ನಿಶ್ಚಯಿಸಿದ್ದೆವು. ಹೊಸದರ ಬೆಲೆ ಕೈಗೆಟುಕುವಂಥದಲ್ಲ. ಹಾಗಾಗಿ ಹಳೆಯದು. ಯಾವ ಹಳೆಯದು ಎಂಬುದೇ ಪ್ರಶ್ನೆ. ಇಷ್ಟು ಸಣ್ಣ ಮನೆವಾರ್ತೆಯನ್ನು ಈ ಪುಟಕ್ಕೆ ತರುವುದು ಸರಿಯೇ ಎಂದು ಕೆಲವರಿಗೆ ಅನಿಸಬಹುದು. ಆ ಎರಡು ದೋಣಿಗಳ ನಡುವೆ ಆಯ್ಕೆ ಮಾಡುವ ಎರಡು ತಿಂಗಳಲ್ಲಿ ನನಗೆ ತಿಳಿದುಬಂದ ಸಂಗತಿ ನಮ್ಮ ಮೂವರ ಮನೆಗೆ ಸೀಮಿತವಾದುದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮಂಗಳೂರು ನೀರಿನ ಊರು ಎಂದು ಹೊರಗಿನವರು ತಿಳಿದಿರುತ್ತಾರೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳೇ ಈ ಊರಿನ ಹೆದ್ದಾರಿಗಳಾದವು. ಆವೆಮಣ್ಣು ದೋಣಿಯಲ್ಲಿ ಬಂತು, ಹಂಚು ದೋಣಿಯಲ್ಲಿ ಹೋಯಿತು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತ ಮಂಜಿಗಳು ಹೊರಡುತ್ತಿದ್ದವು. ಸೇತುವೆಗಳು ಬಂದವು, ಕಡವುಗಳು ಒಂದೊಂದಾಗಿ ಮುಚ್ಚಿದವು. ಇಂದು ಮಧ್ಯಮವರ್ಗದ ಮಂಗಳೂರಿಗನಿಗೆ ಕಡಲೆಂದರೆ ಪಣಂಬೂರಿನಲ್ಲಿ ಸಂಜೆ ಕುಳಿತು ಚುರುಮುರಿ ತಿನ್ನುತ್ತ ನೋಡುವ ದೃಶ್ಯ. ನದಿಯೆಂದರೆ ಹೆದ್ದಾರಿಯ ಸೇತುವೆಯ ಮೇಲೆ ವಾಹನ ಸಾಲುಗಟ್ಟಿ ನಿಂತಾಗ ಕಿಟಕಿಯಾಚೆ ಕಾಣುವ ನೀರು. ನೀರಿನ ಜ್ಞಾನವೆಲ್ಲ ಮೊಗವೀರರ, ಬ್ಯಾರಿಗಳ, ನದಿಯ ಕುದ್ರುಗಳಲ್ಲಿ ವಾಸಿಸುವವರ ಪಾಲಿಗೆ ಉಳಿದಿದೆ. ನಮ್ಮಂಥವರು ದೋಣಿ ಕೊಳ್ಳಹೊರಟಾಗ ಕಣ್ಣಿಗೆ ಕಾಣುವುದು ಬಣ್ಣ, ಸೀಟು ಮತ್ತು ಬೆಲೆ ಮಾತ್ರ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊದಲನೆಯ ದೋಣಿ ಗೋವಾ ಕಡೆಯಿಂದ ಬಂದದ್ದು. ಹದಿನೆಂಟು ಅಡಿ ಉದ್ದ, ಫೈಬರಿನ ಬಿಳಿ ಮೈ, ಅಲೆಯನ್ನು ಸೀಳಲು ಚೂಪಾಗಿಸಿದ ತಳ. ಹಿಂಬದಿಯಲ್ಲಿ 60 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಔಟ್‌ಬೋರ್ಡ್ ಇಂಜಿನ್. ಕೆಲವು ವರ್ಷ ಜಲಕ್ರೀಡೆಗೆ ದುಡಿದು, ಅನಂತರ ಒಬ್ಬರ ಮನೆಯ ಅಂಗಳದಲ್ಲಿ ಟ್ರೈಲರಿನ ಮೇಲೆ ಕುಳಿತಿತ್ತು. ಕೇಳಿದ ಬೆಲೆ ಐದೂವರೆ ಲಕ್ಷ. ಎರಡನೆಯದು ನಮ್ಮದೇ ಕರಾವಳಿಯ ಕೂಸು. ಇಪ್ಪತ್ತಾರು ಅಡಿ, ದಪ್ಪ ಫೈಬರಿನ ಅಗಲ ಹೊಟ್ಟೆ, ಒಳಗೆ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಹತ್ತು ವರ್ಷ ಬಲೆ ಹೊತ್ತ ಬಳಿಕ ಅದರ ಹೊಸ ಮಾಲೀಕರು ಬಲೆ ಇಡುವ ಜಾಗದಲ್ಲಿ ಬೆಂಚುಗಳನ್ನು ಕೂರಿಸಿ, ಕಬ್ಬಿಣದ ಪೈಪುಗಳನ್ನು ನೆಟ್ಟು, ಮೇಲೆ ಮಾಡು ಹೊದಿಸಿ, ಆ ಮಾಡಿನ ಮೇಲೂ ನಾಲ್ಕು ಜನ ಕುಳಿತು ಸೂರ್ಯಾಸ್ತ ನೋಡಲೆಂದು ಕಟಕಟೆ ಕಟ್ಟಿಸಿದ್ದರು. ಬೆಲೆ ನಾಲ್ಕು ಲಕ್ಷ.

ಬ್ಯಾಂಕಿನ ಗೆಳೆಯರು ಸಾಲದ ಅರ್ಜಿ ಪರಿಶೀಲಿಸುವ ಗಾಂಭೀರ್ಯದಿಂದ ಲೆಕ್ಕ ಹಾಕಿದರು. ಬಿಳಿಯ ದೋಣಿ ಪೂರ್ಣ ವೇಗದಲ್ಲಿ ಗಂಟೆಗೆ ಇಪ್ಪತ್ತು ಲೀಟರಿನಷ್ಟು ಪೆಟ್ರೋಲ್ ಕುಡಿಯುತ್ತದೆ. ಡೀಸೆಲ್ ದೋಣಿಗೆ ನಾಲ್ಕೈದು ಲೀಟರು ಸಾಕು. ಒಂದರ ವೇಗ ಇಪ್ಪತ್ತು ನಾಟ್ ಮೀರಿದರೆ ಇನ್ನೊಂದರದು ಏಳು. ಅಂದರೆ ಮೂವತ್ತು ನಾಟಿಕಲ್ ಮೈಲಿ ದೂರದ ಮಲ್ಪೆಗೆ ಒಂದರಲ್ಲಿ ಒಂದೂವರೆ ತಾಸು, ಇನ್ನೊಂದರಲ್ಲಿ ನಾಲ್ಕು ತಾಸಿಗೂ ಹೆಚ್ಚು. ನಮಗೆ ಅವಸರವೇನಿದೆ? ಮೇಲಾಗಿ ಆ ದೋಣಿಯಲ್ಲಿ ನೆರಳಿದೆ, ಹತ್ತು ಜನ ಕೂರಬಹುದು, ಇಂಜಿನ್ ಕೆಟ್ಟರೆ ರಿಪೇರಿ ಮಾಡುವವರು ದಕ್ಕೆಯ ಮೂಲೆ ಮೂಲೆಯಲ್ಲಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನಿಂತು ಕಿಡಿ ತಾಗಿದರೆ ಅಪಾಯ, ಡೀಸೆಲಿನಲ್ಲಿ ಆ ಭಯ ಕಡಿಮೆ ಎಂದು ನಾನೂ ನನ್ನ ಪಾಂಡಿತ್ಯವನ್ನು ಸೇರಿಸಿದೆ. ಬೇಸಗೆ ರಜೆಗೆ ಬರುವ ಎಂಟು ವರ್ಷದ ಮೊಮ್ಮಗಳಿಗೆ ಮಾಡಿನ ಮೇಲೆ ಕುಳಿತು ಡಾಲ್ಫಿನ್ ನೋಡುವ ಆಸೆಯಿದೆ ಎಂದರು ವೈದ್ಯರು. ಆ ದಿನ ಕೈಯಲ್ಲಿ ಚೆಕ್ಕು ಪುಸ್ತಕ ಇದ್ದಿದ್ದರೆ ಎರಡನೆಯ ದೋಣಿ ನಮ್ಮದಾಗುತ್ತಿತ್ತು.

ತಡೆದವರು ಬೆಂಗ್ರೆಯ ಒಬ್ಬ ಹಿರಿಯರು. ಎಪ್ಪತ್ತು ದಾಟಿದವರು, ನಲವತ್ತು ವರ್ಷ ತಾಂಡೇಲರಾಗಿದ್ದವರು. ನಾವು ಅವರನ್ನು ಅಣ್ಣ ಎಂದೇ ಕರೆಯುತ್ತೇವೆ. ದೋಣಿಯನ್ನು ಒಣನೆಲದಲ್ಲಿ ನೋಡಿ ಕೊಳ್ಳುವುದು ಹೆಣ್ಣನ್ನು ಫೋಟೋದಲ್ಲಿ ನೋಡಿ ಮದುವೆಯಾದ ಹಾಗೆ ಎಂದು ನಕ್ಕರು. “ಎರಡನ್ನೂ ಅಳಿವೆಗೆ ಕೊಂಡು ಹೋಗುವ ಮಾಷ್ಟ್ರೆ. ಅಳಿವೆ ಹೇಳ್ತದೆ.”

ಮಂಗಳೂರಿನ ಅಳಿವೆ ಬಾಗಿಲಿನ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ಪೂರ್ವದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ನದಿ ಬಂದು, ಈಚೆ ಬೆಂಗ್ರೆ ಆಚೆ ಉಳ್ಳಾಲದ ಕೋಟೆಪುರ ಇವುಗಳ ನಡುವಿನ ಕಿರುದಾರಿಯಲ್ಲಿ ಕಡಲು ಸೇರುತ್ತವೆ. ಎರಡೂ ಬದಿಗೆ ಕಲ್ಲಿನ ತಡೆಗೋಡೆಗಳಿವೆ. ನಡುವೆ ಹೂಳು ತುಂಬುತ್ತಲೇ ಇರುತ್ತದೆ. ಇಲ್ಲಿ ಉಬ್ಬರವಿಳಿತದ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು, ಕೇಳಲು ಅಲ್ಪ. ಆದರೆ ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಒಟ್ಟಾಗಿ ಹೊರಗೆ ನುಗ್ಗುವಾಗ, ಕಡಲಿನಿಂದ ಒಳಬರುವ ಅಲೆ ಆ ಸೆಳವಿಗೆ ಎದುರಾಗಿ ಉದ್ದವನ್ನು ಕಳೆದುಕೊಂಡು ಎತ್ತರಕ್ಕೆ ಏಳುತ್ತದೆ, ಕಡಿದಾಗುತ್ತದೆ, ಒಡೆಯುತ್ತದೆ. ಅರ್ಧ ಕಿಲೋಮೀಟರು ಹೊರಗೆ ತೊಟ್ಟಿಲಿನಂತೆ ತೂಗಿದ ಅದೇ ಅಲೆ ಬಾಗಿಲಲ್ಲಿ ಗೋಡೆಯಾಗುತ್ತದೆ. ಇದಕ್ಕೆ ಗಾಳಿಯ ಲೆಕ್ಕವೂ ಸೇರಬೇಕು. ಬೇಸಗೆಯಲ್ಲಿ ಬೆಳಗಿನ ಹೊತ್ತು ನೆಲದಿಂದ ಬೀಸುವ ತೆಳುಗಾಳಿಗೆ ಕಡಲು ಕನ್ನಡಿಯಂತಿರುತ್ತದೆ; ಮಧ್ಯಾಹ್ನ ಕಳೆಯುತ್ತಲೇ ವಾಯವ್ಯದ ಕಡಲಗಾಳಿ ಏಳುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟವನು ಮೂರು ಗಂಟೆಗೆ ಇಳಿತದಲ್ಲಿ ಮರಳಿದರೆ ತಾನು ಹೊರಟ ಬಾಗಿಲು ಇದೇ ಹೌದೇ ಎಂದು ಸಂಶಯಪಡುವಷ್ಟು ಅದು ಬದಲಾಗಿರುತ್ತದೆ. 2020ರ ನವೆಂಬರ್ ಕೊನೆಯಲ್ಲಿ ಮಂಗಳೂರಿನ ಪರ್ಸೀನ್ ಬೋಟೊಂದು ಮೀನು ತುಂಬಿಕೊಂಡು ಮರಳುವಾಗ ಕಡಲಿನಲ್ಲಿ ಮಗುಚಿ ಆರು ಮಂದಿ ಮೀನುಗಾರರು ಸತ್ತರು. ಅವರು ನಮ್ಮಂತೆ ಭಾನುವಾರದ ಕಡಲಿಗರಲ್ಲ.

ಮೊದಲು ಬಿಳಿಯ ದೋಣಿ. ನೀರಿಗಿಳಿಸುವ ಮುನ್ನವೇ ಅಣ್ಣ ಅದರ ಹಿಂಬದಿಯಲ್ಲಿ ಇಂಜಿನ್ ಕೂರುವ ಹಲಗೆಯನ್ನು ಸಣ್ಣ ಮರದ ಸುತ್ತಿಗೆಯಿಂದ ತಟ್ಟುತ್ತ ಹೋದರು. ಮೇಲ್ಭಾಗದಲ್ಲಿ ಠಣ್ಣೆಂದ ಸದ್ದು ಕೆಳಮೂಲೆಗೆ ಬರುವಾಗ ಒದ್ದೆ ಗೋಣಿಗೆ ಬಡಿದಂತಾಯಿತು. ನೀರು ಹೊರಬಿಡುವ ತೂತಿನ ಬಳಿಯ ಸ್ಕ್ರೂ ಒಂದನ್ನು ಬಿಚ್ಚಿದರೆ ಕಂದು ನೀರು ಜಿನುಗಿತು. ಫೈಬರಿನ ಎರಡು ಪದರಗಳ ನಡುವಿನ ಪ್ಲೈವುಡ್ಡು ನೀರು ಕುಡಿದು ಕೊಳೆಯತೊಡಗಿತ್ತು. ಹೊರಗಿನಿಂದ ನೋಡಿದರೆ ಒಂದು ಗೀರೂ ಇಲ್ಲ. ಇಂಜಿನ್ ಮಾತ್ರ ಆರೋಗ್ಯವಾಗಿತ್ತು. ನಾಲ್ಕೂ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಒಂದೇ ಇತ್ತು, ಉಪ್ಪುನೀರಿನಲ್ಲಿ ಓಡಿಸಿದ ಬಳಿಕ ಸಿಹಿನೀರಿನಿಂದ ತೊಳೆದು ಇಟ್ಟವರ ಶ್ರದ್ಧೆ ಕಾಣುತ್ತಿತ್ತು.

ಉಬ್ಬರದ ಹೊತ್ತು ನೋಡಿ ಹೊರಗೆ ಹೋದೆವು. ಕಡಲು ಶಾಂತವಿತ್ತು, ಆ ದೋಣಿಯ ಓಟ ಮನಸ್ಸಿಗೆ ಹುರುಪು ಕೊಟ್ಟಿತು. ಮರಳುವಾಗ ಇಳಿತ ಶುರುವಾಗಿತ್ತು. ತಡೆಗೋಡೆಯಿಂದ ನೂರು ಮೀಟರು ದೂರವಿರುವಾಗ ಇಂಜಿನ್ ಕೀರಲು ಧ್ವನಿಯಲ್ಲಿ ಎಚ್ಚರಿಕೆ ಕೊಟ್ಟು ತಾನಾಗಿ ವೇಗ ಇಳಿಸಿತು. ತಂಪುನೀರು ಒಳಹೋಗುತ್ತಿಲ್ಲ. ದೋಣಿ ಅಡ್ಡ ತಿರುಗಿತು, ಒಂದು ಅಲೆ ಬದಿಯನ್ನು ಹತ್ತಿ ಮೊಣಕಾಲುಮಟ್ಟ ನೀರು ಸುರಿಯಿತು. ನಾನು ಮಾಡಿದ್ದು ಕೀಲಿಯನ್ನು ಮತ್ತೆ ಮತ್ತೆ ತಿರುವಿದ್ದು. ಅಣ್ಣ ಅದನ್ನು ನೋಡಲೂ ಇಲ್ಲ, ಮುಂದೆ ಹೋಗಿ ಲಂಗರು ಬಿಟ್ಟರು. ಹಗ್ಗ ಬಿಗಿಯಿತು, ದೋಣಿಯ ಮೂತಿ ಅಲೆಗೆ ಎದುರಾಗಿ ನಿಂತಿತು. ಅನಂತರ ಹಿಂದೆ ಬಂದು ಇಂಜಿನನ್ನು ಎತ್ತಿ, ಅದರ ಬುಡಕ್ಕೆ ಸುತ್ತಿದ್ದ ಹಾಲಿನ ಪ್ಯಾಕೆಟ್ಟುಗಳ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಬಿಡಿಸಿ ತೆಗೆದರು. ನಮ್ಮ ಊರಿನ ಕಸವೇ ನಮ್ಮನ್ನು ಬಾಗಿಲಲ್ಲಿ ತಡೆದಿತ್ತು. ಎಲ್ಲ ಸೇರಿ ನಾಲ್ಕು ನಿಮಿಷವಿರಬೇಕು. ದಡಕ್ಕೆ ಬಂದ ಮೇಲೆ ವೈದ್ಯರು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು.

ಮುಂದಿನ ಭಾನುವಾರ ಎರಡನೆಯ ದೋಣಿ. ಬಿಳಿಯ ದೋಣಿಯ ಅನುಭವದ ನಂತರ ಗೆಳೆಯರಿಬ್ಬರ ಮನಸ್ಸು ಪೂರ್ತಿ ಇದರತ್ತ ವಾಲಿತ್ತು. ಏನೇ ಹೇಳಿ, ಇದು ಕಡಲಿನಲ್ಲಿ ಪಳಗಿದ ದೋಣಿ ಎಂಬುದು ಅವರ ವಾದ. ಆ ವಾದ ತಪ್ಪೂ ಅಲ್ಲ. ತಳವನ್ನು ತಟ್ಟಿ ನೋಡಿದ ಅಣ್ಣ ತಲೆದೂಗಿದರು. ಆದರೆ ಅಳಿವೆಗೆ ಒಯ್ಯುವ ಮೊದಲು ನಿಂತ ನೀರಿನಲ್ಲಿ ಒಂದು ಪರೀಕ್ಷೆ ಮಾಡಿದರು. ಕಟ್ಟಿದ ಹಗ್ಗವನ್ನು ಸಡಿಲಿಸಿ, ದೋಣಿಯ ಅಂಚನ್ನು ಕಾಲಿನಿಂದ ಒತ್ತಿ ಬಿಟ್ಟು, ಅದು ಆಚೆಗೆ ವಾಲಿ ಈಚೆಗೆ ಬರುವುದನ್ನು ನೋಡುತ್ತ ನಿಂತರು. “ಮೆಲ್ಲ ಏಳ್ತದೆ,” ಎಂದರು. ನಾನು ಗಡಿಯಾರ ಹಿಡಿದೆ. ಹತ್ತು ತೂಗಾಟಕ್ಕೆ 42 ಸೆಕೆಂಡು.

ಇಲ್ಲಿ ನನ್ನ ಹಳೆಯ ಪಾಠ ನೆನಪಾಯಿತು. ತೂಗುವ ಕಾಲ ಹೆಚ್ಚಿದಷ್ಟೂ ದೋಣಿಗೆ ನೆಟ್ಟಗಾಗುವ ಶಕ್ತಿ ಕಡಿಮೆ. ಸಣ್ಣ ಮೀನುಗಾರಿಕಾ ದೋಣಿಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಸ್ಥೂಲ ಸೂತ್ರವಿದೆ. ದೋಣಿಯ ಅಗಲವನ್ನು 0.8ರಿಂದ ಗುಣಿಸಿ, ಒಂದು ತೂಗಾಟದ ಸೆಕೆಂಡುಗಳಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಅದರ ಸ್ಥಿರತೆಯ ಅಳತೆ ಮೀಟರಿನಲ್ಲಿ ಸಿಗುತ್ತದೆ, ಅದು 0.35ಕ್ಕಿಂತ ಕಡಿಮೆಯಿರಬಾರದೆಂದು ಮೀನುಗಾರಿಕಾ ಹಡಗುಗಳಿಗೆ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನಮ್ಮ ದೋಣಿಯ ಅಗಲ 2.1 ಮೀಟರು. ಲೆಕ್ಕ ಹಾಕಿದರೆ 0.16 ಬಂತು, ಅದೂ ಮಾಡಿನ ಮೇಲೆ ಒಬ್ಬರೂ ಕೂರದಿರುವಾಗ. ಸ್ಥೂಲ ಲೆಕ್ಕವೇ ಇರಬಹುದು, ಆದರೆ ಅಂತರ ಸಣ್ಣದಲ್ಲ. ಇದೇ ದೋಣಿ ಬಲೆ ಹೊರುತ್ತಿದ್ದಾಗ ಭಾರವೆಲ್ಲ ತಳದಲ್ಲಿತ್ತು. ಬಲೆ ಇಳಿಸಿ, ಕಬ್ಬಿಣ ಮತ್ತು ಮನುಷ್ಯರನ್ನು ಮೇಲೆ ಏರಿಸಿದಾಗ ಗುರುತ್ವ ಕೇಂದ್ರವೂ ಮೇಲೇರಿತು. ಅಣ್ಣನಿಗೆ ಸೂತ್ರದ ಅಗತ್ಯ ಬೀಳಲಿಲ್ಲ. “ಇದರ ಹೊಟ್ಟೆ ಒಳ್ಳೆದುಂಟು ಮಾಷ್ಟ್ರೆ, ತಲೆಭಾರ ಆಗಿದೆ. ಈ ಮಾಡು ತೆಗೆದ್ರೆ ನಾನೇ ಕೂತು ಲಕ್ಷದ್ವೀಪಕ್ಕೆ ಬರ್ತೇನೆ. ಮಾಡು ಇಟ್ಟುಕೊಂಡು ಬೊಕ್ಕಪಟ್ಣಕ್ಕೂ ಬರುವುದಿಲ್ಲ.” ಆ ದೋಣಿಯನ್ನು ಅಂದು ಅಳಿವೆಗೆ ಒಯ್ಯಲಿಲ್ಲ.

ಮಾಡು ತೆಗೆಸಿ ಕೊಳ್ಳಬಹುದಿತ್ತಲ್ಲ? ನಾವೂ ಹಾಗೆಂದೇ ಯೋಚಿಸಿ ಕಾಗದಪತ್ರ ಕೇಳಿದೆವು. ದೋಣಿಯ ನೋಂದಣಿ ಮೀನುಗಾರಿಕೆಯ ದೋಣಿಯೆಂದೇ ಇತ್ತು, ಅದೂ ಹಿಂದಿನ ಮಾಲೀಕರ ಹೆಸರಿನಲ್ಲಿ. ಬೆಂಚು, ಮಾಡು, ಕಟಕಟೆ ಯಾವುದರ ಸುಳಿವೂ ಕಾಗದದಲ್ಲಿಲ್ಲ. ಸರಕಾರದ ಕಣ್ಣಿನಲ್ಲಿ ಆ ದೋಣಿ ಇಂದಿಗೂ ಬಲೆ ಬಿಡುತ್ತಿದೆ. ಹಾಗಿರುವಾಗ ವಿಹಾರಕ್ಕೆ ಬಳಸುವುದು ಹೇಗೆ, ವಿಮೆ ಮಾಡಿಸುವುದು ಹೇಗೆ ಎಂದು ಕೇಳಿದ್ದಕ್ಕೆ ಮಾರುವವರು ಅತ್ಯಂತ ಸೌಜನ್ಯದಿಂದ ಉತ್ತರಿಸಿದರು: “ಯಾರೂ ಕೇಳುವುದಿಲ್ಲ ಮಾರಾಯ್ರೆ.”

ಈ ಮೂರು ಶಬ್ದ ನನ್ನ ಕಿವಿಯಲ್ಲಿ ಈಗಲೂ ಉಳಿದಿವೆ. ಅವರು ಸುಳ್ಳು ಹೇಳಲಿಲ್ಲ. ಯಾರೂ ಕೇಳುವುದಿಲ್ಲ, ಕೇಳಬೇಕಾದ ದಿನ ಬರುವವರೆಗೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ವಿಹಾರದ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮುಳುಗಿ 16 ಜನ, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ, ನಮ್ಮದರಂತೆಯೇ ಒಂದು ಅಳಿವೆಯ ಬಳಿ, 22 ಜನ. ತಾನೂರಿನ ಆ ದೋಣಿ ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮೇಲೊಂದು ಅಂತಸ್ತು ಕಟ್ಟಿದ್ದಾಗಿತ್ತು ಎಂಬುದನ್ನು ಪತ್ರಿಕೆಗಳಲ್ಲಿ ಓದಿದಾಗ ಅದು ದೂರದ ಊರಿನ ಸುದ್ದಿಯಾಗಿ ಕಂಡಿತ್ತು. ಬೆಂಗ್ರೆಯಲ್ಲಿ ಗಡಿಯಾರ ಹಿಡಿದು ನಿಂತ ದಿನ, ಅದೇ ದೋಣಿಯ ತಮ್ಮನನ್ನು ನಾಲ್ಕು ಲಕ್ಷಕ್ಕೆ ಕೊಳ್ಳಲು ನಾವು ಸಿದ್ಧರಾಗಿದ್ದೆವು ಎಂಬುದು ಹೊಳೆಯಿತು. ಪ್ರತಿ ದುರಂತದ ಮರುದಿನ ಎಲ್ಲೆಡೆ ತಪಾಸಣೆ ನಡೆಯುತ್ತದೆ, ಜೀವರಕ್ಷಕ ಜಾಕೆಟ್ಟುಗಳು ಕಾಣಿಸಿಕೊಳ್ಳುತ್ತವೆ, ಕೆಲವು ದೋಣಿಗಳು ಕೆಲವು ವಾರ ಹಗ್ಗ ಬಿಚ್ಚುವುದಿಲ್ಲ. ಬಳಿಕ ಮತ್ತೆ ಯಾರೂ ಕೇಳುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1917ರಷ್ಟು ಹಳೆಯ ಕಾಯ್ದೆಯನ್ನು ತೆಗೆದುಹಾಕಿ ಸಂಸತ್ತು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆಯನ್ನು ತಂದಿದೆ. ಯಂತ್ರಚಾಲಿತ ದೋಣಿಗೆ ಸರ್ವೆ, ನೋಂದಣಿ, ವಿಮೆ ಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮೀನುಗಾರಿಕೆಯ ದೋಣಿಗಳಿಗೆ ರಾಜ್ಯದ 1986ರ ಕಾಯ್ದೆಯಿದೆ. 2008ರ ನವೆಂಬರಿನಲ್ಲಿ ಮುಂಬಯಿಗೆ ಬಂದ ಭಯೋತ್ಪಾದಕರು ಪೋರಬಂದರಿನ ಮೀನುಗಾರಿಕಾ ದೋಣಿಯನ್ನು ಅಪಹರಿಸಿ ಬಂದರೆಂಬ ಕಾರಣಕ್ಕೆ ಕಡಲಿನಲ್ಲಿ ಕಾಣುವ ಪ್ರತಿ ದೋಣಿಯ ಗುರುತಿನ ಬಗ್ಗೆ ಕಟ್ಟುನಿಟ್ಟೂ ಬಂದಿದೆ. ಇವೆಲ್ಲ ಸರಿಯೇ. ಕೊರತೆಯಿರುವುದು ಕಾನೂನಿಗೂ ಕೊಳ್ಳುವವನಿಗೂ ನಡುವೆ. ಹಳೆಯ ಕಾರು ಕೊಳ್ಳುವಾಗ ಅದರ ನೋಂದಣಿ ಪುಸ್ತಕ, ಸಾಲ, ವಿಮೆ, ಅಪಘಾತದ ಚರಿತ್ರೆ ಇವನ್ನೆಲ್ಲ ಮನೆಯಲ್ಲಿ ಕುಳಿತೇ ಒಂದಿಷ್ಟು ತಿಳಿಯಬಹುದು, ಎಂಜಿನಿಯರರಿಗೆ ತೋರಿಸಬಹುದು. ಹಳೆಯ ದೋಣಿಗೆ ಹಾಗೆ ಯಾರನ್ನು ಕೇಳಬೇಕೆಂದು ತಿಳಿಯಲು ನಾನು ಮೂರು ಕಚೇರಿಗಳ ಮೆಟ್ಟಿಲು ಹತ್ತಿದೆ. ಒಂದರಲ್ಲಿ ಎರಡನೆಯದರ ಹೆಸರು ಹೇಳಿದರು, ಎರಡನೆಯದರಲ್ಲಿ ಮೂರನೆಯದರ ಹೆಸರು. ಮೂರನೆಯದರಲ್ಲಿ ಒಬ್ಬ ಯುವ ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದರು: ಸ್ವಂತ ವಿಹಾರಕ್ಕೆಂದು ದೋಣಿಯ ಸರ್ವೆ ಮಾಡಿಸಲು ತಾವಾಗಿ ಬಂದವರಲ್ಲಿ ನಾನು ಅವರು ಕಂಡ ಮೊದಲನೆಯವನಂತೆ. ಅವರ ಆ ಮಾತಿನಲ್ಲಿ ನನಗೆ ತುಸು ಹೆಮ್ಮೆಯೆನಿಸಿ, ಮೆಟ್ಟಿಲಿಳಿಯುವಾಗ ಹೆದರಿಕೆಯಾಯಿತು.

ಇದಕ್ಕೊಂದು ಆಕ್ಷೇಪ ಬರುವುದು ಸಹಜ, ಮತ್ತು ಅದು ನ್ಯಾಯವಾದ ಆಕ್ಷೇಪ. ನಾಡದೋಣಿಯವರು ಸೀಮೆಎಣ್ಣೆಗಾಗಿ ಪರದಾಡುವ, ಅಳಿವೆಯ ಹೂಳೆತ್ತಲೆಂದು ಮೀನುಗಾರರು ಮನವಿ ಕೊಟ್ಟು ದಣಿಯುವ ಊರಿನಲ್ಲಿ, ನಾಲ್ಕು ಜನ ಉಳ್ಳವರ ವಿಹಾರಕ್ಕೆ ಸರಕಾರ ವ್ಯವಸ್ಥೆ ಮಾಡಬೇಕೇ? ನಮ್ಮ ಬಳಿ ಐದು ಲಕ್ಷ ಇರುವುದರಿಂದ ನಾವು ಅಣ್ಣನನ್ನು ಹುಡುಕಿದೆವು, ಎರಡು ಭಾನುವಾರ ಕಾದೆವು, ಬೇಡವೆನ್ನುವ ಸ್ವಾತಂತ್ರ್ಯ ನಮಗಿತ್ತು. ಜಾತ್ರೆಗೆ ಬಂದ, ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬಕ್ಕೆ ತಲಾ ಇನ್ನೂರು ರೂಪಾಯಿ ಕೊಟ್ಟು ಹತ್ತುವಾಗ ದೋಣಿಯ ತೂಗಾಟ ಎಣಿಸಲು ಸಾಧ್ಯವೇ? ಕೂರ್ಮಗಡದಲ್ಲೂ ತಾನೂರಿನಲ್ಲೂ ಸತ್ತವರು ದೋಣಿಯ ಮಾಲೀಕರಲ್ಲ. ಹಳೆಯ ದೋಣಿ ಕೈಬದಲಾಗುವ ಹಂತದಲ್ಲೇ, ಬಲೆಯಿಂದ ಬೆಂಚಿಗೆ ಅದು ಕಸುಬು ಬದಲಿಸುವ ಆ ಹೊತ್ತಿನಲ್ಲೇ ಯಾರಾದರೂ ಕೇಳಿದರೆ, ಮುಂದೆ ಅದರಲ್ಲಿ ಹತ್ತುವ ಅಪರಿಚಿತರು ಏನನ್ನೂ ಕೇಳಬೇಕಾಗಿಲ್ಲ.

ಕೇಳಲು ಕೋಟಿಗಟ್ಟಲೆ ಹಣವೂ ಬೇಕಿಲ್ಲ. ತಿಂಗಳಿಗೊಂದು ದಿನ, ಹಳೆ ಬಂದರಿನಲ್ಲೋ ಕೂಳೂರಿನ ದಡದಲ್ಲೋ, ಸರ್ವೆಯರ್ ಒಬ್ಬರು ಸಣ್ಣ ದೋಣಿಗಳನ್ನು ನೋಡುತ್ತಾರೆಂದು ಮೊದಲೇ ಪ್ರಕಟಿಸಿದರೆ ಸಾಕು. ತೂಗಾಟ ಎಣಿಸಲು ಒಂದು ಗಡಿಯಾರ, ಅಗಲ ಅಳೆಯಲು ಒಂದು ಟೇಪು. ದೋಣಿ ಮಾರ್ಪಟ್ಟಿದ್ದರೆ ಅದು ನೋಂದಣಿಯ ಪುಸ್ತಕದಲ್ಲಿ ದಾಖಲಾಗಲಿ. ಎಷ್ಟು ಜನ ಕೂರಬಹುದೆಂಬುದನ್ನು ದೋಣಿಯ ಮೈಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಲಿ. 1969ರಿಂದ ಮೀನುಗಾರಿಕಾ ಕಾಲೇಜು ಇರುವ ಊರು ನಮ್ಮದು. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಬಿಡುವಾಗಿರುವ ತಾಂಡೇಲರನ್ನು ಸಂಬಳ ಕೊಟ್ಟು ಗುರುಗಳಾಗಿ ಕೂರಿಸಿ, ದೋಣಿ ನಡೆಸಬಯಸುವ ನಮ್ಮಂಥ ನೆಲದವರಿಗೆ ಪಾಠ ಹೇಳಿಸಬಾರದೇಕೆ? ಇಂಜಿನ್ ನಿಂತಾಗ ಕೀಲಿ ತಿರುವಬಾರದು, ಲಂಗರು ಬಿಡಬೇಕು ಎಂಬ ಒಂದು ಪಾಠ ನನಗೆ ಮೂವತ್ತು ವರ್ಷಗಳ ಭೌತಶಾಸ್ತ್ರದಿಂದ ಸಿಕ್ಕಿರಲಿಲ್ಲ. ಇಂಧನವನ್ನು ಮೂರು ಪಾಲು ಮಾಡಿ ಹೋಗಲು ಒಂದು, ಬರಲು ಒಂದು, ಕಷ್ಟಕಾಲಕ್ಕೆ ಒಂದು ಎಂದು ಇಡಬೇಕೆಂಬುದಾಗಲಿ, ಅಪಾಯದಲ್ಲಿ ಕೋಸ್ಟ್ ಗಾರ್ಡಿನವರನ್ನು 1554ರಲ್ಲಿ, ಕರಾವಳಿ ಪೊಲೀಸರನ್ನು 1093ರಲ್ಲಿ ಕರೆಯಬಹುದೆಂಬುದಾಗಲಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ನಮ್ಮ ಮೂವರ ಚರ್ಚೆ ಏಪ್ರಿಲ್ ತಿಂಗಳಿಡೀ ನಡೆಯಿತು. ಅಳಿವೆಯಲ್ಲಿ ನಮ್ಮನ್ನು ಅಡ್ಡ ತಿರುಗಿಸಿದ ದೋಣಿಯನ್ನೇ ಕೊಳ್ಳಬೇಕೆಂದು ನಾನು ಹೇಳುವುದು ಗೆಳೆಯರಿಗೆ ವಿಚಿತ್ರವಾಗಿ ಕಂಡಿತು. ನನ್ನ ತರ್ಕ ಇಷ್ಟೇ. ಬಿಳಿಯ ದೋಣಿಯ ದೋಷಗಳು ಕೈಗೆ ಸಿಗುವಂಥವು. ಕೊಳೆತ ಹಲಗೆಯನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸಬಹುದು; ಪ್ಲಾಸ್ಟಿಕ್ ಸಿಲುಕಿದರೆ ಬಿಡಿಸಬಹುದು; ಹುಟ್ಟು, ಲಂಗರು, ಉದ್ದದ ಹಗ್ಗ ಇಟ್ಟುಕೊಳ್ಳಬಹುದು. ಅದನ್ನು ಕಟ್ಟಿದವರು ಯಾವ ಕೆಲಸಕ್ಕೆ ಕಟ್ಟಿದರೋ ಅದೇ ಕೆಲಸವನ್ನು ಅದು ಮಾಡುತ್ತಿದೆ, ಕಾಗದವೂ ಹಾಗೆಂದೇ ಹೇಳುತ್ತದೆ. ಇನ್ನೊಂದು ದೋಣಿ ಶಾಂತವಾದ ನೂರು ದಿನ ನಮ್ಮನ್ನು ಸುಖವಾಗಿ ಒಯ್ಯುತ್ತಿತ್ತು, ಅದರಲ್ಲಿ ಸಂದೇಹವಿಲ್ಲ. ನೂರೊಂದನೆಯ ದಿನ ಮಕ್ಕಳೆಲ್ಲ ಡಾಲ್ಫಿನ್ ನೋಡಲೆಂದು ಒಂದೇ ಬದಿಗೆ ಓಡಿದಾಗ ಏನಾಗುತ್ತದೆ? ವೈದ್ಯರು ಮೊದಲು ಒಪ್ಪಿದರು. ಮೊಮ್ಮಗಳ ಅಳತೆಯ ಜಾಕೆಟ್ ಎಲ್ಲಿ ಸಿಗುತ್ತದೆ ಎಂದು ಅವರು ಕೇಳಿದಾಗಲೇ ತೀರ್ಮಾನವಾಗಿತ್ತು. ಬ್ಯಾಂಕಿನ ಗೆಳೆಯರಿಗೆ ನೆರಳಿನ ಚಿಂತೆ ಇನ್ನೂ ಹೋಗಿಲ್ಲ. ಅವರಿಗೊಂದು ಅಗಲ ಅಂಚಿನ ಟೊಪ್ಪಿ ಕೊಡಿಸಿದ್ದೇವೆ. ಹಲಗೆಯ ರಿಪೇರಿಯ ಖರ್ಚನ್ನು ಕಳೆದು ನಾಲ್ಕು ಮುಕ್ಕಾಲು ಲಕ್ಷಕ್ಕೆ ವ್ಯಾಪಾರ ಕುದುರಿತು.

ದೋಣಿಯನ್ನು ಕಟ್ಟಲು ಊರಿನಲ್ಲಿ ನಮಗೊಂದು ಸಾರ್ವಜನಿಕ ಜಾಗ ಸಿಗಲಿಲ್ಲ. ಎರಡು ನದಿಗಳ ಈ ನಗರದಲ್ಲಿ ಸಾಮಾನ್ಯ ನಾಗರಿಕನೊಬ್ಬ ಟ್ರೈಲರಿನಿಂದ ದೋಣಿ ಇಳಿಸುವಂಥ ಒಂದು ಇಳಿಜಾರು ಕಟ್ಟೆಯನ್ನು ಹುಡುಕಿ ನಾವು ಸೋತೆವು. ಕೊನೆಗೆ ಪರಿಚಯದವರೊಬ್ಬರ ನದಿದಂಡೆಯ ತೋಟದಲ್ಲಿ ಇಟ್ಟಿದ್ದೇವೆ. ಈ ವರ್ಷವಿಡೀ ಅಳಿವೆ ದಾಟುವುದಿಲ್ಲ, ನೇತ್ರಾವತಿಯಲ್ಲಿ ಪಾವೂರು ಉಳಿಯದವರೆಗೆ, ಗುರುಪುರ ನದಿಯಲ್ಲಿ ಕೂಳೂರಿನವರೆಗೆ ಮಾತ್ರ ಎಂದು ಅಣ್ಣನಿಗೆ ಮಾತು ಕೊಟ್ಟಾಗಿದೆ. ನೂಲ ಹುಣ್ಣಿಮೆಯ ಸಮುದ್ರ ಪೂಜೆ ಮುಗಿದು ಕಡಲು ಇಳಿದ ಮೇಲೆ ತಾವೇ ಜೊತೆಗೆ ಬಂದು ಹೊರಗೆ ಕರೆದೊಯ್ಯುವುದಾಗಿ ಅವರು ಹೇಳಿದ್ದಾರೆ.

ಕಳೆದ ವಾರ ಅವರೇ ಫೋನು ಮಾಡಿ ಆ ಇನ್ನೊಂದು ದೋಣಿ ಮಾರಾಟವಾಯಿತೆಂದು ತಿಳಿಸಿದರು. ದಕ್ಷಿಣದ ಕಡೆ ಎಲ್ಲೋ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ಒಯ್ದಿದ್ದಾರಂತೆ. ಮಾಡು ತೆಗೆಸಿದರೇ ಎಂದು ಕೇಳಿದೆ.

“ಇಲ್ಲ ಮಾಷ್ಟ್ರೆ,” ಎಂದರು ಅಣ್ಣ, “ಹೊಸ ಪೈಂಟು ಕೊಟ್ಟಿದ್ದಾರೆ.”